ಬಣ್ಣವಿಲ್ಲದ ಲೋಹದ ಆರೈಕೆ: ಕಾರಿನ ಅಲ್ಯೂಮಿನಿಯಂ, ಸ್ಟೀಲ್, ಕ್ರೋಮ್ ಭಾಗಗಳಿಗೆ ಹೊಳಪು ಕೊಟ್ಟು ಉಳಿಸಿಕೊಳ್ಳುವ ಬಗೆ

ಕಾರಿನ ಬಣ್ಣದ ಬಗ್ಗೆ ನಾವು ಬಹಳ ತಲೆ ಕೆಡಿಸಿಕೊಳ್ಳುತ್ತೇವೆ. ಶಾಂಪೂ, ವ್ಯಾಕ್ಸ್, ಕೋಟಿಂಗ್ ಎಲ್ಲ ಅದಕ್ಕೇ. ಬಣ್ಣ ಬಳಿಯದ ಲೋಹದ ಭಾಗಗಳನ್ನು ಕೇಳುವವರಿಲ್ಲ. ಕಿಟಕಿಯ ಸುತ್ತಲಿನ ಪಟ್ಟಿ, ಸೈಲೆನ್ಸರ್ ತುದಿ, ಹಳೆಯ ಕಾರಿನ ಬಂಪರ್, ಬಾನೆಟ್ ಎತ್ತಿದರೆ ಕಾಣುವ ಅಲ್ಯೂಮಿನಿಯಂ ಮುಚ್ಚಳ, ಇವೆಲ್ಲ ಮಬ್ಬಾದರೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಕಾರು ಕಳೆಗುಂದಿದಂತೆ ಕಾಣುತ್ತದೆ. ಆಗ ಒಂದು ಡಬ್ಬಿ ಮೆಟಲ್ ಪಾಲಿಶ್ ತಂದು, ಕೈಗೆ ಸಿಕ್ಕ ಬಟ್ಟೆಯಲ್ಲಿ ಎಲ್ಲವನ್ನೂ ತಿಕ್ಕಿಬಿಡುತ್ತೇವೆ. ಎಷ್ಟೋ ಭಾಗಗಳು ಕೆಡುವುದು ಆ ಹೊತ್ತಿನಲ್ಲೇ.

ಪಾಲಿಶ್ ಅಂದರೆ ಏನನ್ನೋ ಬಳಿಯುವ ಕೆಲಸ ಅಲ್ಲ, ಕಳೆಯುವ ಕೆಲಸ. ಲೋಹದ ಮೇಲಿನ ಒರಟು ಗೀರುಗಳನ್ನು ಸವೆಸಿ ಸಣ್ಣ ಗೀರು ಮಾಡುತ್ತೀರಿ, ಅದನ್ನು ಸವೆಸಿ ಇನ್ನೂ ಸಣ್ಣದು. ಗೀರುಗಳು ಬೆಳಕಿನ ಅಲೆಗಿಂತ ಸಣ್ಣದಾದಾಗ ಬೆಳಕು ಚದುರದೆ ನೇರವಾಗಿ ವಾಪಸ್ ಬರುತ್ತದೆ. ಆಗ ಅದು ಕನ್ನಡಿ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಅಲ್ಲಿಯವರೆಗೆ ಹೋಗಬೇಕಾದರೆ ಪ್ರತಿ ಸಲವೂ ಸ್ವಲ್ಪ ಲೋಹ ಹೋಗುತ್ತದೆ. ಗಟ್ಟಿ ಅಲ್ಯೂಮಿನಿಯಂ ತುಂಡಿಗೆ ಅದು ಲೆಕ್ಕಕ್ಕಿಲ್ಲ. ತೆಳು ಕ್ರೋಮ್ ಪದರಕ್ಕೆ ಅದೇ ದೊಡ್ಡ ನಷ್ಟ. ಅದಕ್ಕೇ ಈ ಲೇಖನದ ಉದ್ದಕ್ಕೂ ನಾನು ಹಿಡಿಯುವ ದಾರಿ ಒಂದೇ: ಆದಷ್ಟು ಕಡಿಮೆ ಸಲ ಪಾಲಿಶ್ ಮಾಡಿ, ಮಾಡಿದ ಮೇಲೆ ಚೆನ್ನಾಗಿ ಮುಚ್ಚಿಡಿ.

ಉಜ್ಜುವ ಮೊದಲು ಗುರುತು ಹಿಡಿಯಿರಿ

ಬೆಳ್ಳಗಿರುವುದೆಲ್ಲ ಹಾಲಲ್ಲ. ಕಾರಿನಲ್ಲಿ ಬೆಳ್ಳಗೆ ಹೊಳೆಯುವುದೆಲ್ಲ ಬರಿ ಲೋಹವೂ ಅಲ್ಲ. ನನಗೆ ಇದು ಗೊತ್ತಾಗಿದ್ದು ಒಂದು ಹಳೆಯ ಕಾರಿನ ಕಿಟಕಿ ಪಟ್ಟಿಯಿಂದ. ಪಟ್ಟಿಯಲ್ಲಿ ಜಿಡ್ಡು ಕೂತಿತ್ತು. ಇಂಜಿನ್ ತೊಳೆಯುವ ಕಡು ಕ್ಷಾರದ ಕ್ಲೀನರ್ ಅನ್ನೇ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟೆ. ತೊಳೆದಾಗ ಪಟ್ಟಿಯ ತುಂಬ ಹಾಲು ಸುರಿದಂತೆ ಬಿಳಿ ಕಲೆ. ಎಷ್ಟು ಉಜ್ಜಿದರೂ ಹೋಗಲಿಲ್ಲ, ಯಾಕೆಂದರೆ ಅದು ಕೊಳೆಯೇ ಆಗಿರಲಿಲ್ಲ. ಅದು ಅನೊಡೈಸ್ ಮಾಡಿದ ಅಲ್ಯೂಮಿನಿಯಂ. ಅದರ ಮೇಲಿನ ಪದರವನ್ನೇ ಆ ಕ್ಲೀನರ್ ತಿಂದಿತ್ತು.

ಅನೊಡೈಸಿಂಗ್ ಅಂದರೆ ವಿದ್ಯುತ್ತಿನ ಸಹಾಯದಿಂದ ಅಲ್ಯೂಮಿನಿಯಂ ಮೇಲೆ ದಪ್ಪನೆಯ ಆಕ್ಸೈಡ್ ಪದರ ಬೆಳೆಸುವುದು. ತುಂಬಾ ಗಟ್ಟಿ ಪದರ ಅದು. ಆದರೆ ಕ್ಷಾರಕ್ಕೂ ಆಮ್ಲಕ್ಕೂ ತಡೆಯುವುದಿಲ್ಲ. ಕಾಸ್ಟಿಕ್ ಸೋಡಾ ಇರುವ ಕ್ಲೀನರ್, ಓವನ್ ಕ್ಲೀನರ್, ಲಾರಿ ತೊಳೆಯುವ ಗಡುಸು ದ್ರಾವಣ ಯಾವುದೂ ಅದರ ಹತ್ತಿರ ಬರಬಾರದು. ಪದರ ಒಮ್ಮೆ ಮಬ್ಬಾದರೆ ದಾರಿ ಎರಡೇ. ಪಟ್ಟಿ ಬದಲಿಸಬೇಕು, ಇಲ್ಲವೇ ಪದರವನ್ನು ಪೂರ್ತಿ ತೆಗೆಸಿ ಕೆಳಗಿನ ಅಲ್ಯೂಮಿನಿಯಂಗೆ ಪಾಲಿಶ್ ಕೊಡಬೇಕು. ಎರಡನೆಯದನ್ನು ಆರಿಸಿಕೊಂಡರೆ ಅದರ ಆರೈಕೆ ಕೊನೆಯವರೆಗೂ ನಿಮ್ಮದೇ.

ಹಾಗಾಗಿ ಮೊದಲ ಹೆಜ್ಜೆ ಪರೀಕ್ಷೆ. ಮೂರು ಪರೀಕ್ಷೆ ಸಾಕು, ಯಾವುದಕ್ಕೂ ದೊಡ್ಡ ಸಾಮಾನು ಬೇಡ.

ಒಂದು, ಅಯಸ್ಕಾಂತ. ಗೀರಾಗದಂತೆ ತೆಳು ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣವಿದೆ, ಅಂದರೆ ಹೆಚ್ಚಾಗಿ ಕ್ರೋಮ್ ಮಾಡಿದ ಸ್ಟೀಲ್. ಅಂಟದಿದ್ದರೆ ಅಲ್ಯೂಮಿನಿಯಂ, 304 ಜಾತಿಯ ಸ್ಟೇನ್‌ಲೆಸ್, ಹಿತ್ತಾಳೆ, ಸತು ಎರಕ ಅಥವಾ ಕ್ರೋಮ್ ಮಾಡಿದ ಪ್ಲಾಸ್ಟಿಕ್ ಇರಬಹುದು. ಬೆರಳಿನಿಂದ ತಟ್ಟಿದರೆ ಪ್ಲಾಸ್ಟಿಕ್ ತನ್ನ ಸದ್ದಿನಲ್ಲೇ ಗುಟ್ಟು ಬಿಟ್ಟುಕೊಡುತ್ತದೆ. ಒಂದು ಎಚ್ಚರ: ಯಾವ ಸ್ಟೇನ್‌ಲೆಸ್ಸೂ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ ಅನ್ನುವುದು ತಪ್ಪು. ಪಟ್ಟಿಗಳಿಗೆ ಬಳಸುವ 430, ಸೈಲೆನ್ಸರ್‌ಗೆ ಬಳಸುವ 409 ಎರಡೂ ಅಂಟುತ್ತವೆ. ಅಲ್ಲಿ ಬಣ್ಣ ನೋಡಬೇಕು. ಕ್ರೋಮ್‌ನಲ್ಲಿ ತುಸು ನೀಲಿ ಛಾಯೆ ಇರುತ್ತದೆ, ಸ್ಟೇನ್‌ಲೆಸ್ ಅದಕ್ಕಿಂತ ಬೂದು.

ಎರಡು, ಬಿಳಿ ಬಟ್ಟೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಕಡಲೆಕಾಳಿನಷ್ಟು ಮೆಟಲ್ ಪಾಲಿಶ್ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರಿ ಲೋಹ. ಅಲ್ಯೂಮಿನಿಯಂ ಅಂತೂ ಮಸಿಯಂತೆ ಕಪ್ಪು ಬಿಡುತ್ತದೆ. ಬಟ್ಟೆ ಹೆಚ್ಚು ಕಡಿಮೆ ಹಾಗೇ ಉಳಿದರೆ ಮೇಲೆ ಲ್ಯಾಕರ್ (ವಾರ್ನಿಶ್‌ನಂಥ ಪಾರದರ್ಶಕ ಲೇಪ) ಅಥವಾ ಅನೊಡೈಸ್ ಪದರ ಇದೆ ಎಂದರ್ಥ. ಅಲ್ಲಿಗೆ ಕೈ ನಿಲ್ಲಿಸಿ.

ಮೂರು, ಮಲ್ಟಿಮೀಟರ್. ಅಲ್ಯೂಮಿನಿಯಂ ಭಾಗದಲ್ಲಿ ಅನುಮಾನ ಬಂದರೆ ಇದೇ ಕೊನೆಯ ಮಾತು. ಮೀಟರನ್ನು ಕಂಟಿನ್ಯೂಟಿಗೆ, ಅಂದರೆ ವಿದ್ಯುತ್ ಹರಿದರೆ ಬೀಪ್ ಅನ್ನುವ ಸ್ಥಾನಕ್ಕೆ, ಇಟ್ಟು ಎರಡೂ ಮೊನೆಗಳನ್ನು ಮೇಲ್ಮೈಗೆ ಹಗುರವಾಗಿ ತಾಗಿಸಿ. ಬೀಪ್ ಬಂದರೆ ಬರಿ ಲೋಹ. ಬರದಿದ್ದರೆ ಲ್ಯಾಕರ್ ಅಥವಾ ಅನೊಡೈಸ್, ಎರಡರಲ್ಲೂ ವಿದ್ಯುತ್ ಹರಿಯುವುದಿಲ್ಲ. ಒತ್ತಿ ಚುಚ್ಚಬೇಡಿ, ಮೊನೆ ಪದರ ಸೀಳಿದರೆ ಉತ್ತರವೂ ತಪ್ಪು, ಗೀರೂ ಉಳಿಯುತ್ತದೆ.

ಈಗಿನ ಎಷ್ಟೋ ಅಲಾಯ್ ವೀಲ್‌ಗಳು ಈ ಪರೀಕ್ಷೆಯಲ್ಲಿ ಬೀಪ್ ಅನ್ನುವುದಿಲ್ಲ. ಅವುಗಳ ಮೇಲೆ ಕ್ಲಿಯರ್ ಕೋಟ್ ಇರುತ್ತದೆ. ಡೈಮಂಡ್ ಕಟ್ ಎಂದು ಕರೆಯುವ ವೀಲ್‌ಗಳ ಮುಖದಲ್ಲಿ ಲೇತ್ ಯಂತ್ರ ಬಿಟ್ಟ ಅತಿ ಸಣ್ಣ ಗೆರೆಗಳಿದ್ದು, ಅದರ ಮೇಲೆ ಲ್ಯಾಕರ್ ಇರುತ್ತದೆ. ಅಂಥದ್ದನ್ನು ಕಾರಿನ ಬಣ್ಣದಂತೆಯೇ ನೋಡಿಕೊಳ್ಳಬೇಕು: ಶಾಂಪೂ, ವ್ಯಾಕ್ಸ್, ಅಷ್ಟೇ. ಲ್ಯಾಕರ್ ಸಿಪ್ಪೆ ಎದ್ದಿದ್ದರೆ ಕೈಯಲ್ಲಿ ಪಾಲಿಶ್ ಮಾಡಿ ಆ ಗೆರೆಗಳನ್ನು ವಾಪಸ್ ತರಲಾಗದು, ಮತ್ತೆ ಲೇತ್‌ಗೇ ಹೋಗಬೇಕು.

ಮುಟ್ಟಲೇಬಾರದ ಜಾಗಗಳೂ ಇವೆ. ಬ್ರೇಕ್ ಡಿಸ್ಕ್ ಮುಖಕ್ಕೆ ಪಾಲಿಶ್, ವ್ಯಾಕ್ಸ್, ಎಣ್ಣೆ ಯಾವುದೂ ಬೇಡ. ತೊಳೆದ ಮರುದಿನ ಅಲ್ಲಿ ಕಾಣುವ ತೆಳು ತುಕ್ಕು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ತಾನಾಗಿ ಹೋಗುತ್ತದೆ. ವ್ಯಾಕ್ಸ್ ತಾಗಿದರೆ ಬ್ರೇಕೇ ಹಿಡಿಯದೆ ಹೋಗಬಹುದು. ವೀಲ್ ಬೋಲ್ಟ್ ಕೂರುವ ಇಳಿಜಾರು ಅಂಚುಗಳಿಗೂ ಏನನ್ನೂ ಸವರಬೇಡಿ. ಹಳೆಯ ರೇಸಿಂಗ್ ಮಾದರಿಯ ಮೆಗ್ನೀಸಿಯಂ ವೀಲ್ ಇದ್ದರೆ ಅದನ್ನು ಮನೆಯಲ್ಲಿ ಉಜ್ಜುವ ಯೋಚನೆಯೇ ಬೇಡ. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಜಾಸ್ತಿ ಉರಿಯುತ್ತದೆ.

ತೊಳೆಯುವುದು

ಮರಳಿನ ಒಂದು ಕಣ ಬಟ್ಟೆಯಲ್ಲಿ ಸಿಕ್ಕಿಕೊಂಡರೆ ಸಾಕು, ಪಾಲಿಶ್ ಮಾಡಿದಷ್ಟೂ ಗೀರು ಬೀಳುತ್ತದೆ. ಭಾಗ ತಣ್ಣಗಿರಲಿ, ನೆರಳಿನಲ್ಲಿರಲಿ. ಮಾಮೂಲಿ ಕಾರ್ ಶಾಂಪೂವಿನಿಂದ ತೊಳೆದು, ಸಂದುಗಳನ್ನು ಮೃದು ಬ್ರಷ್‌ನಿಂದ ತಿಕ್ಕಿ, ನೀರು ಹಾಕಿ, ಪೂರ್ತಿ ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಜಿಡ್ಡು ತೆಗೆಯಿರಿ. ಬ್ರೇಕ್ ಧೂಳು ಕಚ್ಚಿಕೊಂಡಿದ್ದರೆ ಕಬ್ಬಿಣದ ಕಣ ಕರಗಿಸುವ, ಹಚ್ಚಿದಾಗ ನೇರಳೆ ಬಣ್ಣಕ್ಕೆ ತಿರುಗುವ ಕ್ಲೀನರ್ ಬಳಸಬಹುದು. ಬರಿ ಅಲ್ಯೂಮಿನಿಯಂ ಮೇಲೆ ಅದನ್ನು ಒಣಗಲು ಬಿಡದೆ ಬೇಗ ತೊಳೆಯಿರಿ.

ಕೆಲವು ವೀಲ್ ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಕ್ಷಣದಲ್ಲಿ ಬೆಳ್ಳಗೆ ಮಾಡುತ್ತವೆ, ನಿಜ. ಆದರೆ ಆ ಆಮ್ಲ ಚರ್ಮದೊಳಗೆ ಇಳಿದು ಮೂಳೆಯವರೆಗೂ ಹಾನಿ ಮಾಡುತ್ತದೆ, ತಾಗಿದ ಕೂಡಲೇ ನೋವೂ ಗೊತ್ತಾಗದೆ ಇರಬಹುದು. ಡಬ್ಬಿಯ ಮೇಲೆ ಆ ಹೆಸರು ಕಂಡರೆ ಅಲ್ಲೇ ಇಟ್ಟುಬಿಡಿ. ಯಾವ ಹೊಳಪೂ ಆ ಅಪಾಯಕ್ಕೆ ಸಮನಲ್ಲ.

ಅಲ್ಯೂಮಿನಿಯಂ: ಜಾಸ್ತಿ ಕೆಲಸ ಇರುವುದು ಇಲ್ಲೇ

ಅಲ್ಯೂಮಿನಿಯಂ ಮೆದು ಲೋಹ. ಆದರೆ ಗಾಳಿ ತಾಗಿದ ಕೂಡಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಹುಟ್ಟುತ್ತದೆ. ಈ ಪೊರೆಯೇ ಅದನ್ನು ಕಾಯುವುದು. ಉಪ್ಪು, ಕ್ಷಾರ, ನಿಂತ ನೀರು ಈ ಪೊರೆಯನ್ನು ಒಡೆದಾಗ ಬಿಳಿ ಪುಡಿ, ಕಪ್ಪು ಚುಕ್ಕೆ, ಸಣ್ಣ ಗುಂಡಿ ಕಾಣಿಸಿಕೊಳ್ಳುತ್ತವೆ.

ಯಾವಾಗಲೂ ಅತಿ ಮೃದುವಾದ ದಾರಿಯಿಂದ ಶುರು ಮಾಡಿ. ಮೊದಲು ಒಂದು ಅಂಗೈಯಷ್ಟು ಜಾಗದಲ್ಲಿ ಮೆಟಲ್ ಪಾಲಿಶ್ ಕ್ರೀಮ್ ಮಾತ್ರ ಹಾಕಿ ನೋಡಿ. ಹತ್ತಿ ಬಟ್ಟೆ ಅಥವಾ ಮೈಕ್ರೋಫೈಬರ್‌ನಲ್ಲಿ ಸ್ವಲ್ಪವೇ ತೆಗೆದುಕೊಂಡು, ಒತ್ತಿ, ಒಂದೆರಡು ನಿಮಿಷ ಉಜ್ಜಿ. ಕ್ರೀಮ್ ಪೂರ್ತಿ ಒಣಗುವ ಮೊದಲೇ ಶುಭ್ರ ಬಟ್ಟೆಯಿಂದ ಒರೆಸಿ. ನಿಮಗೆ ಬೇಕಾದ ಹೊಳಪು ಬಂತಾ? ಹಾಗಿದ್ದರೆ ಮಿಕ್ಕ ಭಾಗಕ್ಕೂ ಅಷ್ಟೇ ಸಾಕು. ಎಮರಿ ಪೇಪರ್ ಕಡೆ ತಿರುಗಿಯೂ ನೋಡಬೇಡಿ.

ಇಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ಬಟ್ಟೆ ಕಪ್ಪಾಗುತ್ತಲೇ ಇದೆ, ಅಂದರೆ ಇನ್ನೂ ಕೊಳೆ ಇದೆ ಅಂದುಕೊಂಡು ಉಜ್ಜುತ್ತಲೇ ಇರುತ್ತಾರೆ. ಆ ಕಪ್ಪು ಕೊಳೆಯಲ್ಲ, ಸವೆದು ಬಂದ ಅಲ್ಯೂಮಿನಿಯಂನ ನುಣ್ಣನೆ ಕಣಗಳು. ಸಂಜೆಯವರೆಗೆ ಉಜ್ಜಿದರೂ ಬರುತ್ತಲೇ ಇರುತ್ತದೆ. ಬಟ್ಟೆಯನ್ನಲ್ಲ, ಲೋಹವನ್ನು ನೋಡಿ ನಿಲ್ಲಿಸಬೇಕು.

ಉಗುರಿಗೆ ತಡೆಯುವಷ್ಟು ಆಳವಾದ ಗೀರು, ಗುಂಡಿ, ಅಥವಾ ಎರಕದ ಒರಟು ಮೈ ಇದ್ದರೆ ಕ್ರೀಮ್ ಸಾಕಾಗುವುದಿಲ್ಲ. ಆಗ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಎಮರಿ ಪೇಪರ್ ಬೇಕು. ಅದರ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನಯ. ಮಾಮೂಲಿ ಗೀರಿಗೆ 400ರಿಂದ ಶುರು ಮಾಡಿ. ಆಮೇಲೆ 600, 800, 1000, 1500, ಕೊನೆಗೆ 2000. ಎರಕದ ಒರಟು ಮೈಯನ್ನು ಕನ್ನಡಿ ಮಾಡಬೇಕಾದರೆ 120ರಿಂದಲೇ ಹೊರಡಬೇಕಾಗುತ್ತದೆ. ಒಮ್ಮೊಮ್ಮೆ ಎರಕದೊಳಗಿನ ಸಣ್ಣ ಗಾಳಿಗುಳ್ಳೆಗಳು ಮೇಲೆ ತೆರೆದುಕೊಳ್ಳುತ್ತವೆ, ಅವಕ್ಕೆ ಮದ್ದಿಲ್ಲ.

ಪೇಪರನ್ನು ನೀರಿನಲ್ಲಿ ನೆನೆಸಿ, ನೀರಿಗೆ ಎರಡು ಹನಿ ಶಾಂಪೂ ಬಿಡಿ. ಸಮತಟ್ಟು ಜಾಗದಲ್ಲಿ ರಬ್ಬರ್ ಬ್ಲಾಕ್‌ಗೆ ಸುತ್ತಿ ಉಜ್ಜಿ. ಬರಿ ಬೆರಳಿನಿಂದ ಒತ್ತಿದರೆ ಬೆರಳಿನ ಕೆಳಗೆ ತಗ್ಗು ಬೀಳುತ್ತದೆ. ಅದು ಈಗ ಕಾಣುವುದಿಲ್ಲ, ಕನ್ನಡಿಯಾದ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ. ಇನ್ನು ದಿಕ್ಕಿನ ವಿಷಯ. 400ನ್ನು ಎಡ ಬಲ ಉಜ್ಜಿದ್ದರೆ 600ನ್ನು ಮೇಲೆ ಕೆಳಗೆ ಉಜ್ಜಿ. ಎಡ ಬಲದ ಗೆರೆಗಳು ಒಂದೂ ಉಳಿಯದೆ ಮಾಯವಾದಾಗ ಮಾತ್ರ 800ಕ್ಕೆ ಹೋಗಿ, ಅಲ್ಲಿ ಮತ್ತೆ ದಿಕ್ಕು ಬದಲಿಸಿ. ಹೀಗೆ ಮಾಡಿದರೆ ಹಿಂದಿನ ಗೀರು ಉಳಿದಿದೆಯೇ ಎಂದು ಕಣ್ಣೇ ಹೇಳುತ್ತದೆ. ಪ್ರತಿ ಸಲ ಪೇಪರ್ ಬದಲಿಸುವಾಗ ಭಾಗ, ಬ್ಲಾಕ್, ಕೈ, ನೀರು ಎಲ್ಲವನ್ನೂ ಬದಲಿಸಿ ಅಥವಾ ತೊಳೆಯಿರಿ. 400ರ ಒಂದು ಕಣ 1500ರ ನೀರಿನಲ್ಲಿ ಉಳಿದರೆ ಎರಡು ಗಂಟೆಯ ಕೆಲಸ ಹಾಳು. ಒಂದು ಮೆಟ್ಟಿಲನ್ನೂ ಹಾರಬೇಡಿ. 2000 ಮುಗಿಸಿದಾಗ ಲೋಹ ಮಂಜು ಕವಿದ ಕನ್ನಡಿಯಂತೆ ಕಾಣಬೇಕು. ಅಲ್ಲಿ ಒಂದು ಗಾಢ ಗೆರೆ ಕಂಡರೂ ಪಾಲಿಶ್ ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಮೇಲೆ ಹಳೆಯ ಲ್ಯಾಕರ್ ಇದ್ದರೆ ಪೇಪರ್‌ಗೆ ಮುಂಚೆ ಅದನ್ನು ತೆಗೆಯಬೇಕು. ಅಲ್ಯೂಮಿನಿಯಂಗೆ ಆಗುತ್ತದೆ ಎಂದು ಬರೆದಿರುವ ಪೇಂಟ್ ಸ್ಟ್ರಿಪ್ಪರ್ ಅನ್ನೇ ತನ್ನಿ. ಕಾಸ್ಟಿಕ್ ಇರುವ ಸ್ಟ್ರಿಪ್ಪರ್ ಅಲ್ಯೂಮಿನಿಯಂ ಅನ್ನೇ ಕರಗಿಸಿ, ಜೊತೆಗೆ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬಿಡುತ್ತದೆ.

ಡ್ರಿಲ್, ಬಫಿಂಗ್ ಚಕ್ರ ಮತ್ತು ಕಾಂಪೌಂಡ್

2000ರ ನಂತರ ಕೈಯಲ್ಲಿ ಕ್ರೀಮ್ ಹಾಕಿಯೂ ಕನ್ನಡಿ ಮಾಡಬಹುದು, ತೋಳು ನೋಯುತ್ತದೆ ಅಷ್ಟೇ. ಡ್ರಿಲ್‌ಗೆ ಹಾಕುವ ಹತ್ತಿಯ ಅಥವಾ ಸ್ಪಂಜಿನ ಉಂಡೆ ಇದ್ದರೆ ವೀಲ್‌ನ ಕಡ್ಡಿಗಳ ಸಂದಿಗೂ ಹೋಗುತ್ತದೆ. ಬಿಚ್ಚಿ ತೆಗೆದ ಭಾಗಕ್ಕೆ ಬೆಂಚ್ ಮೇಲಿನ ಬಫಿಂಗ್ ಚಕ್ರ ಇನ್ನೂ ಚೆನ್ನ.

ಚಕ್ರಕ್ಕೆ ಹಚ್ಚುವ ಕಾಂಪೌಂಡ್ ಗಟ್ಟಿ ಮೇಣದ ಬಿಲ್ಲೆಯ ರೂಪದಲ್ಲಿ ಬರುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆಗೆ ಮೊದಲು ಕಂದು ಬಣ್ಣದ ಟ್ರಿಪೊಲಿ, ಆಮೇಲೆ ಬಿಳಿ. ಸ್ಟೇನ್‌ಲೆಸ್‌ಗೆ ಕ್ರೋಮಿಯಂ ಆಕ್ಸೈಡ್ ಇರುವ ಹಸಿರು. ಬಣ್ಣದ ಪದ್ಧತಿ ತಯಾರಕರಿಂದ ತಯಾರಕರಿಗೆ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಬಿಲ್ಲೆಯ ಮೇಲಿನ ಬರಹ ಓದಿ. ಒಂದು ಕಾಂಪೌಂಡ್‌ಗೆ ಒಂದು ಚಕ್ರ. ಟ್ರಿಪೊಲಿ ತಾಗಿದ ಚಕ್ರಕ್ಕೆ ಬಿಳಿಯದನ್ನು ಹಚ್ಚಿದರೆ ಪ್ರಯೋಜನವಿಲ್ಲ. ಕಾಂಪೌಂಡ್ ಜಾಸ್ತಿ ಹಚ್ಚಿದರೆ ಬೇಗ ಹೊಳೆಯುವುದೂ ಇಲ್ಲ, ಲೋಹದ ಮೇಲೆ ಕಪ್ಪು ಜಿಡ್ಡಿನ ಗೆರೆ ಬೀಳುತ್ತದೆ. ಚಕ್ರವನ್ನು ಬಿಲ್ಲೆಗೆ ಒಂದೆರಡು ಕ್ಷಣ ತಾಗಿಸಿದರೆ ಸಾಕು.

ಚಕ್ರದ ವಿಷಯದಲ್ಲಿ ದಯವಿಟ್ಟು ಎಚ್ಚರ. ಅದು ನೋಡಲು ಮೆತ್ತಗೆ, ಆದರೆ ಒಂದು ಅಂಚು ಸಿಕ್ಕಿದರೆ ಭಾಗವನ್ನು ಕೈಯಿಂದ ಕಿತ್ತು ಎಸೆಯುತ್ತದೆ. ಚಕ್ರ ನಿಮ್ಮ ಕಡೆಗೆ ಮೇಲಿನಿಂದ ಕೆಳಕ್ಕೆ ತಿರುಗುತ್ತಿರಬೇಕು. ಭಾಗವನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ತಾಗಿಸಿ. ಚೂಪು ಅಂಚಿಗೆ ಚಕ್ರ ಎದುರಾಗಿ ಬರಬಾರದು, ಅಂಚನ್ನು ದಾಟಿ ಆಚೆ ಹೋಗಬೇಕು. ಕನ್ನಡಕ, ಧೂಳಿನ ಮಾಸ್ಕ್ ಕಡ್ಡಾಯ. ಸಡಿಲ ತೋಳು, ದುಪಟ್ಟಾ, ಬಿಟ್ಟ ಕೂದಲು, ಸರ, ಉಂಗುರ ಬೇಡ. ಲೋಹ ಬಿಸಿಯಾದರೆ ನಿಲ್ಲಿಸಿ ಆರಲು ಬಿಡಿ, ಒದ್ದೆ ಬಟ್ಟೆ ಸುತ್ತಿ ಹಿಡಿಯುವ ಉಪಾಯ ಮಾಡಬೇಡಿ.

ಅಲ್ಯೂಮಿನಿಯಂ ಧೂಳು ಉರಿಯುವ ವಸ್ತು. ಅದೇ ಬೆಂಚಿನಲ್ಲಿ ಕಬ್ಬಿಣ ಉಜ್ಜಿ ಕಿಡಿ ಹಾರಿಸಬೇಡಿ. ಅಲ್ಯೂಮಿನಿಯಂ ಪುಡಿ ಮತ್ತು ತುಕ್ಕು ಬೆರೆತರೆ ರೈಲು ಕಂಬಿ ಬೆಸೆಯಲು ಬಳಸುವ ಥರ್ಮೈಟ್‌ನ ಸಾಮಗ್ರಿಯೇ ಸಿದ್ಧವಾದಂತೆ. ಕೆಲಸ ಮುಗಿದ ದಿನವೇ ಬೆಂಚ್ ಗುಡಿಸಿ. ಪಾಲಿಶ್ ತಾಗಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಬಿಡಿಸಿ ಒಣಗಿಸಿ.

ಕೊನೆಗೆ ಲೋಹದ ಮೇಲೆ ತೆಳು ಕಪ್ಪು ಜಿಡ್ಡು ಉಳಿದಿರುತ್ತದೆ. ಕಾರ್ನ್‌ಸ್ಟಾರ್ಚ್ ಪುಡಿ ಉದುರಿಸಿ ಶುಭ್ರ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಅದು ಜಿಡ್ಡನ್ನು ಹೀರಿಕೊಳ್ಳುತ್ತದೆ. ಆಮೇಲೆ ಒಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್.

ಸ್ಟೇನ್‌ಲೆಸ್ ಸ್ಟೀಲ್

ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಗಾಳಿಯ ಆಮ್ಲಜನಕ ತಾಗಿದಾಗ ಅದೇ ಒಂದು ತೆಳು ಪೊರೆ ಕಟ್ಟಿ ಕಬ್ಬಿಣವನ್ನು ಕಾಯುತ್ತದೆ. ಈ ಪೊರೆಯ ವೈರಿ ಕ್ಲೋರೈಡ್: ಚಳಿಯ ಊರುಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು, ಕಡಲ ಗಾಳಿ, ಬ್ಲೀಚ್. ಇನ್ನೊಂದು ವೈರಿಯನ್ನು ನಾವೇ ತರುತ್ತೇವೆ. ಅದು ಮಾಮೂಲಿ ಸ್ಟೀಲ್ ವುಲ್. ಅದರ ಕಬ್ಬಿಣದ ಎಳೆಗಳು ಮುರಿದು ಮೇಲ್ಮೈಯಲ್ಲಿ ಹುದುಗಿ, ನಾಲ್ಕು ದಿನದಲ್ಲಿ ಕೆಂಪು ಚುಕ್ಕೆಗಳಾಗುತ್ತವೆ. ಸ್ಟೇನ್‌ಲೆಸ್‌ಗೇ ತುಕ್ಕು ಹಿಡಿಯಿತು ಎಂದು ಜನ ಬೇಸರಪಡುವುದು ಎಷ್ಟೋ ಸಲ ಇದಕ್ಕೇ. ಅಂಥ ಚುಕ್ಕೆಗಳನ್ನು ಆಕ್ಸಾಲಿಕ್ ಆಮ್ಲ ಇರುವ ಸ್ಟೇನ್‌ಲೆಸ್ ಕ್ಲೀನರ್ ತೆಗೆಯುತ್ತದೆ. ಚೆನ್ನಾಗಿ ತೊಳೆಯುವುದು ಮರೆಯಬೇಡಿ.

ಮೈಯಲ್ಲಿ ಒಂದೇ ದಿಕ್ಕಿನ ಸಣ್ಣ ಗೆರೆಗಳಿದ್ದರೆ ಅದು ಬ್ರಶ್ಡ್ ಫಿನಿಶ್. 1981ರಿಂದ ತಯಾರಾದ ಡಿಲೋರಿಯನ್ ಡಿಎಂಸಿ-12 ಕಾರಿನ ಬಣ್ಣವಿಲ್ಲದ ಹೊರಮೈ ಈ ಬಗೆಯದು, 304 ಸ್ಟೇನ್‌ಲೆಸ್. ಅಂಥ ಮೈಯನ್ನು ಗುಂಡಗೆ ಉಜ್ಜಿದರೆ ಕೆಟ್ಟಿತು. ಗೆರೆಯ ಜೊತೆಗೇ, ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ನೈಲಾನ್ ಅಬ್ರೇಸಿವ್ ಪ್ಯಾಡ್ ಎಳೆಯಬೇಕು.

ಸೈಲೆನ್ಸರ್ ತುದಿಯಲ್ಲಿ ಕಾಣುವ ಚಿನ್ನದ, ನೀಲಿ ಬಣ್ಣ ಶಾಖದಿಂದ ದಪ್ಪಗಾದ ಆಕ್ಸೈಡ್ ಪೊರೆ. ಮೆಟಲ್ ಪಾಲಿಶ್‌ಗೆ ಅದು ಹೋಗುತ್ತದೆ. ಟೈಟಾನಿಯಂ ತುದಿಯಾದರೆ ಆ ನೀಲಿ ಬಣ್ಣವೇ ಅದರ ಚೆಲುವು ಅಲ್ವಾ, ಉಜ್ಜಬೇಡಿ. ಮುಟ್ಟಿದ ಮೇಲೆ ಇಂಜಿನ್ ಶುರು ಮಾಡುವ ಮೊದಲು ಆಲ್ಕೋಹಾಲ್‌ನಿಂದ ಒರೆಸಿ, ಇಲ್ಲದಿದ್ದರೆ ಬೆರಳ ಗುರುತು ಸುಟ್ಟು ಅಲ್ಲೇ ಉಳಿಯುತ್ತದೆ.

ಕ್ರೋಮ್

ಕ್ರೋಮ್ ತುಂಬಾ ಗಟ್ಟಿ, ಆದರೆ ತುಂಬಾ ತೆಳು. ಅಲಂಕಾರದ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ನಷ್ಟೂ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಇರುವುದಿಲ್ಲ. ನಮಗೆ ಕಾಣುವ ಹೊಳಪಿನ ಬಹುಪಾಲು ಅದರ ಕೆಳಗಿನ ನಿಕ್ಕಲ್ ಪದರದ್ದು. ಕ್ರೋಮ್ ಸವೆದರೆ ನಿಕ್ಕಲ್‌ನ ಹಳದಿ ಛಾಯೆ ಕಾಣತೊಡಗುತ್ತದೆ, ಅದನ್ನು ಮನೆಯಲ್ಲಿ ಸರಿಪಡಿಸಲಾಗದು. ಆದ್ದರಿಂದ ಕ್ರೋಮ್‌ಗೆ ಎಮರಿ ಬೇಡ, ಬಫಿಂಗ್ ಚಕ್ರ ಬೇಡ, ಒರಟು ಕ್ರೀಮ್ ಬೇಡ. ಕ್ರೋಮ್‌ಗೆಂದೇ ಇರುವ ನಯವಾದ ಪಾಲಿಶ್, ಅದೂ ವರ್ಷಕ್ಕೆ ಒಂದೆರಡು ಸಲ. ಒಂದು ವಿಷಯ ನೆನಪಿಡಿ: 1920ರ ದಶಕದ ಮೊದಲ ಭಾಗದ ಕಾರುಗಳಲ್ಲಿ ಹೊಳೆಯುತ್ತಿದ್ದುದು ನಿಕ್ಕಲ್, ಕ್ರೋಮ್ ಬಂದದ್ದು ಆಮೇಲೆ. ಅಂಥ ಕಾರಿನ ಹಳದಿ ಛಾಯೆ ದೋಷವಲ್ಲ, ಅದರ ಸಹಜ ಬಣ್ಣ.

ಬಂಪರ್ ಮೇಲಿನ ತುಕ್ಕಿನ ಚುಕ್ಕೆಗೆ ಒಂದು ಸರಳ ಉಪಾಯ ಇದೆ. ಅಲ್ಯೂಮಿನಿಯಂ ಫಾಯಿಲ್ ಅನ್ನು ಮುದುರಿ, ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜಿ. ಫಾಯಿಲ್ ಕ್ರೋಮ್‌ಗಿಂತ ಬಹಳ ಮೆದು, ಹಾಗಾಗಿ ಗೀರಾಗುವ ಭಯ ಕಡಿಮೆ. ತುಕ್ಕು ಮಾತ್ರ ಕಂದು ನೀರಾಗಿ ಇಳಿಯುತ್ತದೆ. ಮೊದಲು ಮಣ್ಣು ಪೂರ್ತಿ ತೊಳೆದಿರಬೇಕು. ಆಮೇಲೆ ಒರೆಸಿ, ಒಣಗಿಸಿ, ಅದೇ ದಿನ ವ್ಯಾಕ್ಸ್ ಹಚ್ಚಿ. ತುಕ್ಕು ಬಂದಿದ್ದು ಪದರದ ಸಣ್ಣ ತೂತುಗಳಿಂದ, ಆ ತೂತುಗಳು ಅಲ್ಲೇ ಇವೆ, ವ್ಯಾಕ್ಸ್ ಅವನ್ನು ಮುಚ್ಚುತ್ತದೆ. ಪದರ ಗುಳ್ಳೆ ಎದ್ದಿದ್ದರೆ ಮಾತ್ರ ಉಜ್ಜಬೇಡಿ, ಚಕ್ಕೆಯಾಗಿ ಕಳಚುತ್ತದೆ.

ಹಿತ್ತಾಳೆ, ತಾಮ್ರ, ಬರಿ ಕಬ್ಬಿಣ

ಹಿತ್ತಾಳೆ ಲ್ಯಾಂಪ್, ರೇಡಿಯೇಟರ್ ಇರುವ ಹಳೆಯ ಕಾರುಗಳಲ್ಲಿ ಕಿಲುಬು ತೆಗೆಯಲು ಮಾಮೂಲಿ ಹಿತ್ತಾಳೆ ಪಾಲಿಶ್ ಸಾಕು. ಸಂದಿಯಲ್ಲಿ ಒಣಗಿದ ಪಾಲಿಶ್ ಉಳಿಸಬೇಡಿ. ಅಮೋನಿಯಾ ಇರುವ ಪಾಲಿಶ್ ಸೆಳೆತದಲ್ಲಿರುವ ಹಿತ್ತಾಳೆಯಲ್ಲಿ ಬಿರುಕು ಹುಟ್ಟಿಸಬಲ್ಲದು.

ಬಣ್ಣವಿಲ್ಲದ ಕಬ್ಬಿಣದ ಬೋಲ್ಟ್, ಬ್ರಾಕೆಟ್‌ಗಳ ತುಕ್ಕನ್ನು ವಿನೆಗರ್‌ನಲ್ಲಿ ನೆನೆಸಿ ತೆಗೆಯುವವರಿದ್ದಾರೆ. ಸಾದಾ ಬ್ರಾಕೆಟ್‌ಗೆ ಅದು ಸರಿ, ಕೊನೆಗೆ ಅಡಿಗೆ ಸೋಡಾ ನೀರಿನಲ್ಲಿ ಅದ್ದಿ ಆಮ್ಲ ಕಳೆಯಿರಿ. ಆದರೆ ಸ್ಪ್ರಿಂಗ್ ಮತ್ತು ಹೆಚ್ಚು ಬಲದ ಬೋಲ್ಟ್‌ಗಳನ್ನು ಯಾವ ಆಮ್ಲಕ್ಕೂ ಹಾಕಬೇಡಿ. ಹೈಡ್ರೋಜನ್ ಲೋಹದೊಳಗೆ ಸೇರಿ ಅದು ಪೆಡಸಾಗುತ್ತದೆ, ಮುಂದೆ ಹೊರೆ ಬಿದ್ದಾಗ ತಟ್ಟನೆ ಮುರಿಯಬಹುದು. ಅವಕ್ಕೆ ತಂತಿ ಬ್ರಷ್ ಸಾಕು. ತುಕ್ಕು ತೆಗೆದ ಕಬ್ಬಿಣ ತೇವದ ಗಾಳಿಯಲ್ಲಿ ಕೆಲವೇ ಗಂಟೆಯಲ್ಲಿ ಮತ್ತೆ ಕೆಂಪಾಗುತ್ತದೆ. ಬಿಸಿ ಗಾಳಿಯಿಂದ ಒಣಗಿಸಿ, ಬೆಚ್ಚಗಿರುವಾಗಲೇ ಎಣ್ಣೆ ಅಥವಾ ಲ್ಯಾನೊಲಿನ್ (ಕುರಿ ಉಣ್ಣೆಯಿಂದ ತೆಗೆದ ಮೇಣ) ಸವರಿ.

ಮುಚ್ಚಿಡುವುದು

ಪಾಲಿಶ್ ಆದ ಲೋಹ ಅಂದರೆ ಆಗಷ್ಟೇ ಸಿಪ್ಪೆ ಸುಲಿದ ಹಣ್ಣಿನಂತೆ. ರಕ್ಷಣೆಯನ್ನು ನಾಳೆಗೆ ಬಿಡಬೇಡಿ. ಮೊದಲು ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ಕೋಟಿಂಗ್ ಕೆಳಗೆ ಸಿಕ್ಕಿದರೆ ಬೆರಳ ಗುರುತೇ ಕಲೆಯಾಗಿ ಮೇಲೇಳುತ್ತದೆ.

ಎಲ್ಲಕ್ಕಿಂತ ಸುಲಭ ವ್ಯಾಕ್ಸ್. ತೆಳುವಾಗಿ ಹಚ್ಚಿ, ಮಬ್ಬು ಬಂದ ಮೇಲೆ ಒರೆಸಿ. ಆದರೆ ಕಾರ್ ವ್ಯಾಕ್ಸ್‌ಗಳಲ್ಲಿ ಬಳಸುವ ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಮೇಣ ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಿಟಕಿ ಪಟ್ಟಿಗೆ, ಬಂಪರ್‌ಗೆ ಅದು ಚೆನ್ನ, ಸೈಲೆನ್ಸರ್ ತುದಿಗೆ ಹಚ್ಚಿದರೆ ಮೊದಲ ಓಟದಲ್ಲೇ ಹೋಗುತ್ತದೆ. ಮ್ಯೂಸಿಯಂಗಳಲ್ಲಿ ಲೋಹದ ವಸ್ತುಗಳಿಗೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಬಳಸುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ರೆನೆಸಾನ್ಸ್ ವ್ಯಾಕ್ಸ್ ಅದರಲ್ಲಿ ಹೆಸರುವಾಸಿ. ಹೆಚ್ಚು ಓಡದ ಹಳೆಯ ಕಾರಿನ ಹಿತ್ತಾಳೆಗೆ ಅದು ನನ್ನ ಮೆಚ್ಚಿನ ಆಯ್ಕೆ, ತೆಗೆಯುವುದೂ ಸುಲಭ.

ದಿನವೂ ಓಡುವ ಕಾರಿಗೆ ಸಿಂಥೆಟಿಕ್ ಸೀಲಂಟ್ ಅಥವಾ ಲೋಹಕ್ಕೂ ಆಗುವ ಸೆರಾಮಿಕ್ ಕೋಟಿಂಗ್ ಒಳ್ಳೆಯದು. ಬಿಸಿಯಾಗುವ ಭಾಗಕ್ಕೆ ಎಷ್ಟು ಶಾಖ ತಡೆಯುತ್ತದೆ ಎಂದು ಡಬ್ಬಿಯಲ್ಲಿ ನೋಡಿ ಆರಿಸಿ. ಸೆರಾಮಿಕ್ ಅನ್ನು ಅತಿ ತೆಳುವಾಗಿ ಹಚ್ಚಿ, ಕೂಡಲೇ ಸಮ ಮಾಡಿ, ಹೇಳಿರುವಷ್ಟು ಹೊತ್ತು ನೀರು ಸೋಕಿಸಬೇಡಿ. ಅಲ್ಲಲ್ಲಿ ದಪ್ಪ ಉಳಿದರೆ ಗಟ್ಟಿಯಾದ ಮೇಲೆ ಮತ್ತೆ ಪಾಲಿಶ್ ಮಾಡಿಯೇ ತೆಗೆಯಬೇಕು.

ಲ್ಯಾಕರ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ರಸ್ತೆಯಲ್ಲಿ ಓಡುವ ಕಾರಿನ ಕನ್ನಡಿಯಂಥ ಅಲ್ಯೂಮಿನಿಯಂಗೆ ಬೇಡ. ಲ್ಯಾಕರ್ ಹಿಡಿಯಲು ಸ್ವಲ್ಪ ಒರಟು ಬೇಕು, ಕನ್ನಡಿಯಲ್ಲಿ ಅದಿಲ್ಲ. ಕಲ್ಲು ಬಡಿದು ಸಣ್ಣ ಚಕ್ಕೆ ಎದ್ದರೆ ಅಲ್ಲಿಂದ ತೇವ ಒಳನುಗ್ಗಿ, ಲ್ಯಾಕರ್ ಕೆಳಗೆ ಹುಳು ಹರಿದಂಥ ಬಿಳಿ ಗೆರೆಗಳು ಹಬ್ಬುತ್ತವೆ. ಮೇಲಿನಿಂದ ಅದನ್ನು ಮುಟ್ಟಲೂ ಆಗದು. ವ್ಯಾಕ್ಸ್ ಹೋದರೆ ಮತ್ತೆ ಹಚ್ಚಬಹುದು, ಲ್ಯಾಕರ್ ಕೆಟ್ಟರೆ ಮೊದಲಿನಿಂದ ಶುರು. ಹಿತ್ತಾಳೆ, ತಾಮ್ರಕ್ಕೆ ಮಾತ್ರ ಬೆಂಜೋಟ್ರಯಜೋಲ್ ಬೆರೆಸಿದ ಇನ್‌ಕ್ರಾಲ್ಯಾಕ್‌ನಂಥ ಲ್ಯಾಕರ್ ಉಪಯೋಗಕ್ಕೆ ಬರುತ್ತದೆ. ಆ ರಾಸಾಯನಿಕ ತಾಮ್ರದ ಕಿಲುಬನ್ನು ತಡೆಯುತ್ತದೆ.

ಬಿಚ್ಚಿದ ಭಾಗವನ್ನು ವಾಪಸ್ ಕೂರಿಸುವಾಗ ಇನ್ನೊಂದು ಕೆಲಸ ಇದೆ. ಅಲ್ಯೂಮಿನಿಯಂಗೆ ಸ್ಟೀಲ್ ಸ್ಕ್ರೂ ನೇರವಾಗಿ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಪಟ್ಟಿಯ ಸ್ಕ್ರೂಗಳಿಗೆ ನೈಲಾನ್ ವಾಷರ್ ಹಾಕಿ, ಎಳೆಗೆ ತುಸು ಗ್ರೀಸ್ ಸವರಿ. ವೀಲ್ ಬೋಲ್ಟ್‌ಗಳಿಗೆ ಮಾತ್ರ ಕಾರು ತಯಾರಕರು ಹೇಳದೆ ಗ್ರೀಸ್ ಹಚ್ಚಬೇಡಿ, ಬಿಗಿಯ ಲೆಕ್ಕ ತಪ್ಪುತ್ತದೆ.

ಆಮೇಲಿನ ದಿನಗಳು

ಕಾರು ತೊಳೆದಾಗ ಲೋಹದ ಭಾಗಗಳನ್ನು ಮೊದಲು ಒರೆಸಿ. ಗಡಸು ನೀರು ಹಾಗೇ ಒಣಗಿದರೆ ಸುಣ್ಣದ ಬಿಳಿ ಕಲೆ ಕೂರುತ್ತದೆ. ಬರಿ ಅಲ್ಯೂಮಿನಿಯಂ ಮೇಲಿನ ಕಲೆಯನ್ನು ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ, ತಕ್ಷಣ ತೊಳೆಯಬಹುದು. ಹಕ್ಕಿ ಹಿಕ್ಕೆ, ಸತ್ತ ಹುಳು ಕಂಡ ದಿನವೇ ತೆಗೆಯಿರಿ. ರಸ್ತೆಗೆ ಉಪ್ಪು ಹಾಕುವ ಚಳಿಯ ಊರುಗಳಲ್ಲಿ, ಕಡಲ ತೀರದಲ್ಲಿ, ಕಾರು ತಿಂಗಳುಗಟ್ಟಲೆ ನಿಲ್ಲುವಾಗ ವ್ಯಾಕ್ಸ್ ಅನ್ನು ದಪ್ಪಗೆ ಹಚ್ಚಿ, ಒರೆಸದೆ ಹಾಗೇ ಬಿಡಿ. ನೋಡಲು ಚೆನ್ನಾಗಿರದು, ಆದರೆ ಕಾಯುತ್ತದೆ. ಒದ್ದೆ ಕಾರಿಗೆ ಕವರ್ ಹಾಕಬೇಡಿ.

ತಿಂಗಳಿಗೊಮ್ಮೆ ಒಂದು ಚಮಚ ನೀರು ಚಿಮುಕಿಸಿ ನೋಡಿ. ನೀರು ಮಣಿಮಣಿಯಾಗಿ ನಿಂತರೆ ಪದರ ಇದೆ, ಏನೂ ಮಾಡಬೇಡಿ. ಹಾಳೆಯಂತೆ ಹರಡಿಕೊಂಡರೆ ತೊಳೆದು, ಒಣಗಿಸಿ, ಹೊಸದಾಗಿ ವ್ಯಾಕ್ಸ್ ಹಚ್ಚಿ. ಲೋಹ ಇನ್ನೂ ಹೊಳೆಯುತ್ತಿದ್ದರೆ ಪಾಲಿಶ್ ಡಬ್ಬಿಯ ಮುಚ್ಚಳ ತೆರೆಯುವ ಅಗತ್ಯವೇ ಇಲ್ಲ.